201 ಬಂತು ಅಂದ್ರೆ ಬಿಲ್ಡ್ ಶುರುವಾಯ್ತು ಅಂತಲ್ಲ: ಜೆಂಕಿನ್ಸ್ ಎಪಿಐ ಬಗ್ಗೆ ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಸರ್, ಮೈಸೂರಲ್ಲಿ ಒಂದು ಚಿಕ್ಕ ಪ್ರಾಡಕ್ಟ್ ಕಂಪನೀಲಿ ಕೆಲಸ ಮಾಡ್ತೀನಿ. ಟೆಸ್ಟರ್‌ಗಳು ಬ್ರಾಂಚ್ ಹೆಸರು ಟೈಪ್ ಮಾಡಿ ಬಟನ್ ಒತ್ತಿದ್ರೆ ಜೆಂಕಿನ್ಸ್‌ನಲ್ಲಿ (ಕೋಡ್ ತಂದು ತಾನೇ ಬಿಲ್ಡ್, ಡಿಪ್ಲಾಯ್ ಮಾಡೋ ಸರ್ವರ್) ಬಿಲ್ಡ್ ಆಗಿ ಸ್ಟೇಜಿಂಗ್‌ಗೆ, ಅಂದ್ರೆ ಟೆಸ್ಟ್ ಸರ್ವರ್‌ಗೆ, ಹೋಗೋ ಹಂಗೆ ಪೈಥಾನ್‌ನಲ್ಲಿ ಒಂದು ಟೂಲ್ ಬರ್ದಿದೀನಿ. ಆದ್ರೆ ಮೂರು ತಲೆನೋವು. ಆಗಾಗ 403, ಅಂದ್ರೆ ಅನುಮತಿ ಇಲ್ಲ ಅನ್ನೋ ಎರರ್, ಬರತ್ತೆ, ವ್ಯಾಲಿಡ್ ಕ್ರಂಬ್ ಇಲ್ಲ ಅಂತ. ಸೀನಿಯರ್ ಒಬ್ರು ಸಿಎಸ್‌ಆರ್‌ಎಫ್ (ಬೇರೆ ಪೇಜ್ ನಮ್ಮ ಹೆಸರಲ್ಲಿ ರಿಕ್ವೆಸ್ಟ್ ಕಳಿಸದ ಹಂಗೆ ತಡೆಯೋ ರಕ್ಷಣೆ) ಆಫ್ ಮಾಡ್ಬಿಡು ಇಲ್ಲಾ ಯುಆರ್‌ಎಲ್‌ನಲ್ಲೇ ಟೋಕನ್ ಹಾಕು, ಹೇಗೂ ಇಂಟ್ರಾನೆಟ್ ತಾನೆ ಅಂತಾರೆ. ಎರಡನೇದು, ಟ್ರಿಗರ್ ಮಾಡಿ 201 ("ಕ್ರಿಯೇಟ್ ಆಯ್ತು" ಅನ್ನೋ ಉತ್ತರ) ಬಂದ್ಮೇಲೆ ಹತ್ತು ಸೆಕೆಂಡ್ ಕಾದು ಲಾಸ್ಟ್‌ಬಿಲ್ಡ್ ಓದ್ತೀನಿ, ಕೆಲವೊಮ್ಮೆ ಅದು ಬೇರೆಯವರ ಬಿಲ್ಡ್ ಆಗಿರತ್ತೆ, ಹೋದ ವಾರ ಒಬ್ಬ ಟೆಸ್ಟರ್ ತಪ್ಪು ಬ್ರಾಂಚ್‌ಗೆ ಸೈನ್‌ಆಫ್ ಕೊಟ್ಬಿಟ್ರು. ಮೂರನೇದು, ಟೈಮ್‌ಔಟ್ ಆದ್ರೆ ಟೂಲ್ ರೀಟ್ರೈ ಮಾಡತ್ತೆ, ಆಗ ಒಂದೊಂದ್ಸಲ ಎರಡು ಡಿಪ್ಲಾಯ್ ಆಗತ್ತೆ, ಒಂದೊಂದ್ಸಲ ಒಂದೇ ಆಗತ್ತೆ, ಯಾಕಂತ ತಲೆಬುಡ ಗೊತ್ತಾಗ್ತಿಲ್ಲ. ಇದೆಲ್ಲ ಬಿಟ್ಟು ಗಿಟ್‌ಹಬ್‌ದೇ ಬಿಲ್ಡ್ ಸೇವೆ ಆದ ಗಿಟ್‌ಹಬ್ ಆಕ್ಷನ್ಸ್‌ಗೆ ಹೋಗ್ಬಿಡೋದೇ ವಾಸಿನಾ?

ಉತ್ತರ: ನೀವು ಮೂರು ತಲೆನೋವು ಅಂದ್ರಿ, ನನ್ನ ಲೆಕ್ಕದಲ್ಲಿ ಎರಡೇ. ಲಾಸ್ಟ್‌ಬಿಲ್ಡ್ ತಪ್ಪು ತೋರ್ಸೋದು, ರೀಟ್ರೈ ಮಾಡಿದ್ರೆ ಒಮ್ಮೆ ಒಂದು ಒಮ್ಮೆ ಎರಡು ಆಗೋದು, ಇವೆರಡಕ್ಕೂ ಬೇರು ಒಂದೇ, ಅದು ಜೆಂಕಿನ್ಸ್‌ನ ಕ್ಯೂ, ಅಂದ್ರೆ ಬಿಲ್ಡ್‌ಗಳು ಸರದಿಗೆ ಕಾಯೋ ಸಾಲು. ಕ್ರಂಬ್ (ರಿಕ್ವೆಸ್ಟ್ ನಿಜವಾಗಿ ನಿಮ್ಮದೇ ಅಂತ ತೋರ್ಸೋಕೆ ಜೆಂಕಿನ್ಸ್ ಕೊಡೋ ಗುಟ್ಟಿನ ಚೀಟಿ) ಗಲಾಟೆ ಮಾತ್ರ ಬೇರೆ, ಅದು ಸಣ್ಣದು, ಮೊದ್ಲು ಅದನ್ನ ಮುಗಿಸಿಬಿಡೋಣ.

ನೀವು ಕೋಡ್ ಕಳಿಸಿಲ್ಲ, ಆದ್ರೂ 403 "ಆಗಾಗ" ಬರತ್ತೆ ಅಂದ್ರಲ್ಲ, ಅದೇ ಸುಳಿವು. ಬಹುಶಃ ನಿಮ್ಮ ಟೂಲ್ ಯೂಸರ್‌ನೇಮ್ ಪಾಸ್‌ವರ್ಡ್ ಹಾಕಿ ಒಳಗೆ ಹೋಗ್ತಿದೆ, ಶುರುವಲ್ಲಿ ಒಂದ್ಸಲ ಕ್ರಂಬ್ ತಗೊಂಡು ಅದನ್ನೇ ದಿನವಿಡೀ ಬಳಸ್ತಿದೆ. 2019ರ ಜುಲೈನಲ್ಲಿ ಬಂದ 2.176.2 ಎಲ್‌ಟಿಎಸ್ (ದೀರ್ಘ ಕಾಲ ಬೆಂಬಲ ಸಿಗೋ) ವರ್ಷನ್‌ನಿಂದ ಈಚೆಗೆ ಕ್ರಂಬ್ ವೆಬ್ ಸೆಷನ್‌ಗೆ ಕಟ್ಟಿಕೊಂಡಿರತ್ತೆ. ಸೆಷನ್ ಎಕ್ಸ್‌ಪೈರ್ ಆಯ್ತೋ, ಜೆಂಕಿನ್ಸ್ ರೀಸ್ಟಾರ್ಟ್ ಆಯ್ತೋ, ಕೈಯಲ್ಲಿರೋ ಕ್ರಂಬ್‌ಗೆ ಬೆಲೆ ಇಲ್ಲ. ಕ್ರಂಬ್ ತಗೊಳ್ಳೋ ರಿಕ್ವೆಸ್ಟ್‌ನಲ್ಲಿ ಬಂದ ಕುಕೀನ ಪೋಸ್ಟ್ ಮಾಡುವಾಗ ಕಳಿಸ್ಲಿಲ್ಲ ಅಂದ್ರೂ ಅದೇ ಕಥೆ, ಆದ್ರೆ ಆಗ ಪ್ರತಿ ಸಲ ಫೇಲ್ ಆಗ್ತಿತ್ತು, ನಿಮಗೆ ಹಂಗಾಗ್ತಿಲ್ಲ.

ಇದಕ್ಕೆ ಕ್ರಂಬನ್ನ ಪದೇ ಪದೇ ತರೋ ಕೋಡ್ ಬರೀಬೇಡಿ, ಪಾಸ್‌ವರ್ಡ್ ಬಿಟ್ಟು ಎಪಿಐ ಟೋಕನ್ (ಪಾಸ್‌ವರ್ಡ್ ಬದಲು ಟೂಲ್‌ಗಳು ಬಳಸೋ ಗುಟ್ಟಿನ ಕೀ) ಬಳಸಿ. ಎಪಿಐ ಟೋಕನ್ ಜೊತೆ ಬೇಸಿಕ್ ಆಥ್‌ನಲ್ಲಿ ಬಂದ ರಿಕ್ವೆಸ್ಟ್‌ಗೆ ಜೆಂಕಿನ್ಸ್ ಕ್ರಂಬ್ ಕೇಳೋದೇ ಇಲ್ಲ, 2.107 ಎಲ್‌ಟಿಎಸ್ ಕಾಲದಿಂದಲೂ ಹಂಗೇ. ಇಂಟರ್ನೆಟ್‌ನಲ್ಲಿ ಸಿಗೋ ಹಳೇ ಉದಾಹರಣೆಗಳಲ್ಲಿ ಇನ್ನೂ ಕ್ರಂಬ್ ಎತ್ತಿ ತರೋ ನಾಲ್ಕು ಸಾಲು ಇರತ್ತೆ, ಜನ ಅದನ್ನೇ ಕಾಪಿ ಮಾಡ್ತಾರೆ, ಅಷ್ಟೇ.

ಇನ್ನು ನಿಮ್ಮ ಸೀನಿಯರ್ ಮಾತು. ಸಿಎಸ್‌ಆರ್‌ಎಫ್ ಆಫ್ ಮಾಡೋ ಆಪ್ಷನ್ 2.222 ವರ್ಷನ್‌ನಿಂದ ಸ್ಕ್ರೀನ್‌ನಲ್ಲೇ ಇಲ್ಲ, ಸಿಸ್ಟಮ್ ಪ್ರಾಪರ್ಟಿ ಕೊಟ್ಟು ಬಲವಂತವಾಗಿ ಆಫ್ ಮಾಡ್ಬೇಕು. ಅದನ್ನ ತೆಗೆದಿದ್ದಕ್ಕೆ ಕಾರಣ ಇದೆ. ಇಂಟ್ರಾನೆಟ್ ತಾನೆ ಅನ್ನೋ ವಾದ ಇಲ್ಲಿ ಉಲ್ಟಾ ಹೊಡೆಯತ್ತೆ, ಯಾಕಂದ್ರೆ ಈ ದಾಳಿ ಹೊರಗಿಂದ ನೇರ ಬರಲ್ಲ, ನಿಮ್ಮದೇ ಆಫೀಸ್‌ನಲ್ಲಿ ಜೆಂಕಿನ್ಸ್‌ಗೆ ಲಾಗಿನ್ ಆಗಿರೋ ಒಬ್ಬರ ಬ್ರೌಸರ್ ಮೂಲಕ ಬರತ್ತೆ. ಅವರು ಇನ್ನೊಂದು ಟ್ಯಾಬ್‌ನಲ್ಲಿ ಯಾವುದೋ ಪೇಜ್ ಓಪನ್ ಮಾಡಿದ್ರೆ ಆ ಪೇಜ್ ಅವರ ಹೆಸರಲ್ಲೇ ನಿಮ್ಮ ಜೆಂಕಿನ್ಸ್‌ಗೆ ಪೋಸ್ಟ್ ಕಳಿಸಬಹುದು. ಆ ವ್ಯಕ್ತಿ ಅಡ್ಮಿನ್ ಆಗಿದ್ರೆ ಸ್ಕ್ರಿಪ್ಟ್ ಕನ್ಸೋಲ್‌ವರೆಗೂ ಹೋಗತ್ತೆ, ಅಲ್ಲಿ ಗ್ರೂವಿ ಕೋಡ್ ಓಡಿಸಿದ್ರೆ ಸರ್ವರ್ ಪೂರ್ತಿ ಹೋದಂಗೆ. ಫೈರ್‌ವಾಲ್ ಇದನ್ನ ತಡೆಯಲ್ಲ.

ಯುಆರ್‌ಎಲ್‌ನಲ್ಲಿ ಟೋಕನ್ ಹಾಕೋದರ ಬಗ್ಗೆ ಒಂದು ಗೊಂದಲ ಎಲ್ಲಾ ಕಡೆ ನೋಡ್ತೀನಿ. ಜೆಂಕಿನ್ಸ್‌ನಲ್ಲಿ ಟೋಕನ್ ಅನ್ನೋ ಹೆಸರಲ್ಲಿ ಎರಡು ಬೇರೆ ವಸ್ತು ಇದೆ. ಒಂದು ಯೂಸರ್‌ಗೆ ಸೇರಿದ ಎಪಿಐ ಟೋಕನ್. ಇನ್ನೊಂದು ಜಾಬ್ ಕಾನ್ಫಿಗ್‌ನಲ್ಲಿ "ಟ್ರಿಗರ್ ಬಿಲ್ಡ್ಸ್ ರಿಮೋಟ್ಲಿ" ಅಂತ ಟಿಕ್ ಮಾಡಿ ಕೈಯಾರೆ ಟೈಪ್ ಮಾಡೋ ಒಂದು ಪದ. ನಿಮ್ಮ ಸೀನಿಯರ್ ಹೇಳ್ತಿರೋದು ಎರಡನೇದು. ಅದು ಸಲೀಸು, ಬ್ರೌಸರ್‌ನಲ್ಲಿ ಲಿಂಕ್ ಓಪನ್ ಮಾಡಿದ್ರೂ ಓಡತ್ತೆ, ಅದೇ ಅದರ ಕೆಡುಕು ಕೂಡ. ಲಿಂಕ್ ಚಾಟ್‌ನಲ್ಲಿ ಹೋಗತ್ತೆ, ಬ್ರೌಸರ್ ಹಿಸ್ಟರಿಲಿ ಕೂರತ್ತೆ, ಮಧ್ಯದಲ್ಲಿ ಎನ್‌ಜಿನ್‌ಎಕ್ಸ್ ಥರದ ಪ್ರಾಕ್ಸಿ ಸರ್ವರ್ ಇದ್ರೆ ಅದರ ಆಕ್ಸೆಸ್ ಲಾಗ್‌ನಲ್ಲಿ ಪ್ರತಿ ಸಾಲಲ್ಲೂ ಟೋಕನ್ ಬಿಚ್ಚಿಕೊಂಡು ಕೂತಿರತ್ತೆ. ನಾನು ನೋಡಿದ ಒಂದು ಕಡೆ ಆ ಲಾಗ್ ಪೂರ್ತಿ ಡೆವಲಪರ್‌ಗಳೆಲ್ಲ ಓದೋ ಡ್ಯಾಶ್‌ಬೋರ್ಡ್‌ಗೆ ಹೋಗ್ತಿತ್ತು, ಪ್ರೊಡಕ್ಷನ್ ಡಿಪ್ಲಾಯ್ ಟೋಕನ್ ಸಮೇತ. ಮೇಲಾಗಿ ಬಿಲ್ಡ್ ಯಾರು ಶುರು ಮಾಡಿದ್ರು ಅಂತ ನೋಡಿದ್ರೆ ಬರೀ ರಿಮೋಟ್ ಹೋಸ್ಟ್ ಅಂತ ಐಪಿ ಅಡ್ರೆಸ್ ಇರತ್ತೆ, ಅದೂ ಪ್ರಾಕ್ಸಿದಾಗಿರಬಹುದು.

ಎಪಿಐ ಟೋಕನ್‌ಗೂ ಒಂದು ಮಿತಿ ಇದೆ. ಜೆಂಕಿನ್ಸ್ ಟೋಕನ್‌ಗೆ ಸ್ಕೋಪ್ ಅಂತ ಇಲ್ಲ, ಯೂಸರ್‌ಗೆ ಏನೇನು ಹಕ್ಕಿದೆಯೋ ಟೋಕನ್‌ಗೂ ಅಷ್ಟೂ ಇರತ್ತೆ. ಹಾಗಾಗಿ ನಿಮ್ಮ ಸ್ವಂತ ಟೋಕನ್ ಟೂಲ್‌ಗೆ ಹಾಕ್ಬೇಡಿ, ಅಡ್ಮಿನ್‌ದಂತೂ ಬೇಡವೇ ಬೇಡ. ಟೂಲ್‌ಗೆ ಅಂತಲೇ ಒಂದು ಯೂಸರ್ ಮಾಡಿ ಓವರಾಲ್ ರೀಡ್, ಆ ಒಂದು ಜಾಬ್‌ಗೆ ರೀಡ್ ಮತ್ತು ಬಿಲ್ಡ್, ಬೇಕಿದ್ರೆ ಕ್ಯಾನ್ಸಲ್, ಇಷ್ಟೇ ಕೊಡಿ. 2.129ರಿಂದ ಒಬ್ಬ ಯೂಸರ್‌ಗೆ ಹೆಸರಿಟ್ಟು ಹಲವು ಟೋಕನ್ ಮಾಡಬಹುದು, ಕೊನೆ ಸಲ ಯಾವಾಗ ಬಳಸಿದ್ದು ಅಂತಲೂ ಕಾಣತ್ತೆ, ಆದ್ರೆ ಟೋಕನ್ ತೋರ್ಸೋದು ಒಂದೇ ಸಲ, ಆಗಲೇ ಎತ್ತಿಟ್ಕೋಬೇಕು. ಹಕ್ಕು ಕಮ್ಮಿ ಕೊಟ್ಟಾಗ ಒಂದು ವಿಷಯ ನೆನಪಿರಲಿ, ಜಾಬ್ ಓದೋ ಹಕ್ಕಿಲ್ಲದಿದ್ರೆ ಜೆಂಕಿನ್ಸ್ 403 ಹೇಳೋ ಬದಲು 404 ಅನ್ನತ್ತೆ. ಅಂತಾ ಜಾಬೇ ಇಲ್ಲ ಅನ್ನೋ ಹಂಗೆ ನಟಿಸತ್ತೆ. ಯುಆರ್‌ಎಲ್ ಸ್ಪೆಲಿಂಗ್ ನೋಡ್ತಾ ಅರ್ಧ ದಿನ ಕಳೆದವರು ಬೇಕಾದಷ್ಟು ಜನ ಇದಾರೆ.

ಈಗ ದೊಡ್ಡ ವಿಷಯಕ್ಕೆ ಬರೋಣ.

ಬಿಲ್ಡ್‌ವಿತ್‌ಪ್ಯಾರಾಮೀಟರ್ಸ್ ಅನ್ನೋ ವಿಳಾಸಕ್ಕೆ ಪೋಸ್ಟ್ ಮಾಡಿದಾಗ 201 ಬರತ್ತಲ್ಲ, ಅಲ್ಲಿ "ಕ್ರಿಯೇಟ್" ಆಗಿರೋದು ಬಿಲ್ಡ್ ಅಲ್ಲ, ಕ್ಯೂನಲ್ಲಿ ಒಂದು ಐಟಮ್. ದರ್ಶಿನೀಲಿ ದುಡ್ಡು ಕೊಟ್ಟು ಬಿಲ್ ತಗೊಂಡ ತಕ್ಷಣ ದೋಸೆ ಹುಯ್ದಾಗಿರಲ್ಲ, ಹಂಗೇ. ಬಿಲ್ಡ್ ನಂಬರ್ ಹುಟ್ಟೋದು ಐಟಮ್ ಕ್ಯೂ ಬಿಟ್ಟು ಹೊರಡುವಾಗ. ಅದಕ್ಕೆ ಮುಂಚೆ ನಂಬರ್ ಅನ್ನೋದೇ ಇಲ್ಲ, ಹಾಗಾಗಿ ಜೆಂಕಿನ್ಸ್ ಅದನ್ನ ನಿಮಗೆ ಆಗಲೇ ಕೊಡೋಕೂ ಆಗಲ್ಲ. ಇದು ಎಪಿಐ ದೋಷ ಅಂತ ಬೈಯೋರು ಇದಾರೆ, ನಂಗೆ ಹಂಗನ್ಸಲ್ಲ.

ಕ್ಯೂನಲ್ಲಿ ಐಟಮ್ ಮೊದ್ಲು ಕ್ವೈಟ್ ಪೀರಿಯಡ್ ಅಂತ ಸುಮ್ನೆ ಕೂರತ್ತೆ, ಡೀಫಾಲ್ಟ್ 5 ಸೆಕೆಂಡ್. ಆಮೇಲೆ ಪೈಪ್‌ಲೈನ್ ಅಲ್ಲದ ಜಾಬ್‌ನಲ್ಲಿ ಎಕ್ಸಿಕ್ಯೂಟರ್ (ಬಿಲ್ಡ್ ಓಡಿಸೋ ಜಾಗ) ಖಾಲಿ ಇಲ್ಲದಿದ್ರೆ ಕಾಯತ್ತೆ, ಜಾಬ್‌ನಲ್ಲಿ ಒಂದೇ ಸಲಕ್ಕೆ ಎರಡು ಓಡಬಾರದು ಅಂತ ಹಾಕಿದ್ರೆ ಹಿಂದಿನದು ಮುಗಿಯೋವರೆಗೂ ಕಾಯತ್ತೆ. ನಿಮ್ಮ ಹತ್ತು ಸೆಕೆಂಡ್ ಸ್ಲೀಪ್ ಇದೆಯಲ್ಲ, ಏಜೆಂಟ್ (ಬಿಲ್ಡ್ ಓಡಿಸೋ ಮಷಿನ್) ಖಾಲಿ ಇರೋ ಮಧ್ಯಾಹ್ನದಲ್ಲಿ ಸರಿ ಹೋಗತ್ತೆ, ಸಂಜೆ ಎಲ್ಲರೂ ಒಟ್ಟಿಗೆ ಬಟನ್ ಒತ್ತೋ ಹೊತ್ತಲ್ಲಿ ನಿಮ್ಮ ಐಟಮ್ ಇನ್ನೂ ಕ್ಯೂನಲ್ಲೇ ಇರಬಹುದು, ಲಾಸ್ಟ್‌ಬಿಲ್ಡ್ ಅಂದ್ರೆ ಆ ಕ್ಷಣಕ್ಕೆ ಕೊನೇದಾಗಿ ಶುರುವಾದ ಯಾರದ್ದೋ ಬಿಲ್ಡ್. ಸ್ಲೀಪ್ ಇಪ್ಪತ್ತು ಮಾಡಿದ್ರೂ ಅಷ್ಟೇ, ಆಗ ನಿಮ್ಮ ಬಿಲ್ಡ್ ಆದ್ಮೇಲೆ ಇನ್ನೊಬ್ಬರದ್ದು ಶುರುವಾಗಿ ಅದೇ ಲಾಸ್ಟ್ ಆಗಿರಬಹುದು. ಸೆಕೆಂಡ್ ಹೆಚ್ಚು ಕಮ್ಮಿ ಮಾಡಿ ಇದನ್ನ ಸರಿ ಮಾಡೋಕೆ ಸಾಧ್ಯವೇ ಇಲ್ಲ.

ಸರಿಯಾದ ದಾರಿ ಜೆಂಕಿನ್ಸೇ ಕೈಗೆ ಕೊಟ್ಟಿದೆ. 201 ಜೊತೆ ಬರೋ ಲೊಕೇಶನ್ ಹೆಡರ್ ನೋಡಿ, ಅದರಲ್ಲಿ ಕ್ಯೂ ಐಟಮ್ ವಿಳಾಸ ಇರತ್ತೆ, ಕೊನೇಲಿ ಒಂದು ನಂಬರ್ ಸಮೇತ. ಅದರ ಕೊನೆಗೆ ಎಪಿಐ/ಜೇಸನ್ (api/json) ಸೇರಿಸಿ ಎರಡು ಮೂರು ಸೆಕೆಂಡ್‌ಗೆ ಒಂದ್ಸಲ ಕೇಳ್ತಾ ಇರಿ. ಕಾಯ್ತಿರೋವಾಗ "ವೈ" ಅನ್ನೋ ಫೀಲ್ಡ್‌ನಲ್ಲಿ ಯಾಕೆ ಕಾಯ್ತಿದೆ ಅಂತ ಮಾತಲ್ಲೇ ಬರ್ದಿರತ್ತೆ, ಕ್ವೈಟ್ ಪೀರಿಯಡ್ ಇಷ್ಟು ಸೆಕೆಂಡ್ ಬಾಕಿ ಅಂತಲೋ ಎಕ್ಸಿಕ್ಯೂಟರ್ ಸಿಕ್ಕಿಲ್ಲ ಅಂತಲೋ. ಅದನ್ನ ಹಂಗೇ ಟೆಸ್ಟರ್‌ಗಳ ಸ್ಕ್ರೀನ್‌ಗೆ ಹಾಕ್ಬಿಡಿ, "ಬಿಲ್ಡ್ ಯಾಕೆ ಬಂದಿಲ್ಲ" ಅಂತ ನಿಮಗೆ ಬರೋ ಫೋನ್ ಅರ್ಧ ಕಮ್ಮಿಯಾಗತ್ತೆ. ಬಿಲ್ಡ್ ಶುರುವಾದ ಕೂಡ್ಲೇ ಆ ಜೇಸನ್‌ನಲ್ಲಿ "ಎಕ್ಸಿಕ್ಯೂಟಬಲ್" ಅಂತ ಒಂದು ಭಾಗ ಹುಟ್ಟಿಕೊಳ್ಳತ್ತೆ, ಅದರೊಳಗೆ ನಂಬರ್, ಯುಆರ್‌ಎಲ್ ಎರಡೂ ಇರತ್ತೆ. ಅದು ನಿಮ್ಮದೇ ಬಿಲ್ಡ್, ಅನುಮಾನವೇ ಇಲ್ಲ. ಯಾರಾದ್ರೂ ಕ್ಯೂನಲ್ಲೇ ಕ್ಯಾನ್ಸಲ್ ಮಾಡಿದ್ರೆ "ಕ್ಯಾನ್ಸಲ್ಡ್" ಟ್ರೂ ಆಗಿರತ್ತೆ, ಅದನ್ನ ನೋಡದೆ ಎಕ್ಸಿಕ್ಯೂಟಬಲ್‌ಗೇ ಕಾಯ್ತಾ ಕೂರೋ ಕೋಡ್ ಬರೀಬೇಡಿ.

ಇಲ್ಲೊಂದು ಹೊಂಡ ಇದೆ. ಕ್ಯೂ ಬಿಟ್ಟುಹೋದ ಐಟಮ್‌ನ ಜೆಂಕಿನ್ಸ್ 5 ನಿಮಿಷ ಮಾತ್ರ ನೆನಪಿಟ್ಕೊಳ್ಳತ್ತೆ. ನಿಮ್ಮ ಟೂಲ್ ಆ ಹೊತ್ತಲ್ಲಿ ರೀಸ್ಟಾರ್ಟ್ ಆಗಿ ಲೇಟಾಗಿ ಬಂದು ಕೇಳಿದ್ರೆ 404. ಆಗ ಗಾಬರಿ ಬೇಡ, ಪ್ರತಿ ಬಿಲ್ಡ್‌ನ ಜೇಸನ್‌ನಲ್ಲೂ "ಕ್ಯೂಐಡಿ" ಅನ್ನೋ ಫೀಲ್ಡ್ ಇರತ್ತೆ. ಜಾಬ್‌ನ ಇತ್ತೀಚಿನ ಬಿಲ್ಡ್‌ಗಳ ನಂಬರ್ ಮತ್ತು ಕ್ಯೂಐಡಿ ಮಾತ್ರ "ಟ್ರೀ" ಪ್ಯಾರಾಮೀಟರ್ ಹಾಕಿ ತರಿಸ್ಕೊಂಡು ನಿಮ್ಮ ಐಟಮ್ ನಂಬರ್‌ಗೆ ತಾಳೆ ನೋಡಿ. ಟ್ರೀ ಹಾಕದೆ "ಡೆಪ್ತ್" ಹಾಕಿ ಇಡೀ ಜೇಸನ್ ಎಳೆಯೋದು ಮಾಡ್ಬೇಡಿ, ದೊಡ್ಡ ಜಾಬ್‌ನಲ್ಲಿ ಅದೊಂದೇ ಕಾಲ್ ಸರ್ವರನ್ನ ಏದುಸಿರು ಬಿಡ್ಸತ್ತೆ.

ಬಿಲ್ಡ್ ಸಿಕ್ಕ ಮೇಲೆ "ಬಿಲ್ಡಿಂಗ್" ಫಾಲ್ಸ್ ಆಗೋವರೆಗೂ ಹತ್ತು ಹದಿನೈದು ಸೆಕೆಂಡ್‌ಗೆ ಒಂದ್ಸಲ ಕೇಳಿದ್ರೆ ಸಾಕು. ರಿಸಲ್ಟ್‌ನಲ್ಲಿ ಸಕ್ಸೆಸ್, ಫೇಲ್ಯೂರ್ ಎರಡೇ ಅಂದ್ಕೋಬೇಡಿ, ಅನ್‌ಸ್ಟೇಬಲ್, ಅಬಾರ್ಟೆಡ್, ನಾಟ್‌ಬಿಲ್ಟ್ ಕೂಡ ಬರತ್ತೆ. ಫೇಲ್ಯೂರ್ ಅಲ್ಲದ್ದೆಲ್ಲ ಪಾಸ್ ಅಂತ ಬರೆದ ಕೋಡ್‌ನಲ್ಲಿ ಟೆಸ್ಟ್ ಬಿದ್ದ ಅನ್‌ಸ್ಟೇಬಲ್ ಬಿಲ್ಡ್ ಹಸಿರು ಬಣ್ಣದಲ್ಲಿ ಹೋಗ್ಬಿಡತ್ತೆ. ಸೈನ್‌ಆಫ್ ಸ್ಕ್ರೀನ್‌ನಲ್ಲಿ ಬ್ರಾಂಚ್ ಹೆಸರೊಂದೇ ಸಾಲದು, ಗಿಟ್ ಪ್ಲಗಿನ್ ಬಿಲ್ಡ್ ಜೇಸನ್‌ನ ಆಕ್ಷನ್ಸ್ ಭಾಗದಲ್ಲಿ ಬಿಲ್ಡ್ ಆದ ಕಮಿಟ್‌ನ ಎಸ್‌ಎಚ್‌ಎ (ಆ ಕಮಿಟ್‌ನ ಗುರುತು) ಇಟ್ಟಿರತ್ತೆ, ಅದನ್ನೂ ತೋರ್ಸಿ. ಶೇರ್ಡ್ ಲೈಬ್ರರಿ ಬಳಸ್ತಿದ್ರೆ ಅಲ್ಲಿ ಎರಡು ಎಸ್‌ಎಚ್‌ಎ ಇರತ್ತೆ, ಮೊದಲನೇದು ಲೈಬ್ರರಿದಾಗಿರಬಹುದು, ರೆಪೊ ಯುಆರ್‌ಎಲ್ ನೋಡಿ ಆರ್ಸ್ಕೊಳ್ಳಿ.

ಈಗ ಆ ಒಮ್ಮೆ ಒಂದು ಒಮ್ಮೆ ಎರಡು ಡಿಪ್ಲಾಯ್. ಜೆಂಕಿನ್ಸ್ ಕ್ಯೂಗೆ ಒಂದು ಸ್ವಭಾವ ಇದೆ, ಅದೇ ಜಾಬ್, ಅದೇ ಪ್ಯಾರಾಮೀಟರ್‌ಗಳ ಐಟಮ್ ಆಗಲೇ ಕ್ಯೂನಲ್ಲಿ ಕಾಯ್ತಿದ್ರೆ ಎರಡನೇ ರಿಕ್ವೆಸ್ಟ್‌ನ ಅದರಲ್ಲೇ ಸೇರಿಸಿಬಿಡತ್ತೆ, ನಿಮಗೆ ಹಳೇ ಐಟಮ್ ವಿಳಾಸವನ್ನೇ ಕೊಡತ್ತೆ. ನಿಮ್ಮ ರೀಟ್ರೈ ಹೋಗೋ ಹೊತ್ತಿಗೆ ಮೊದಲನೇದು ಇನ್ನೂ ಕ್ಯೂನಲ್ಲಿದ್ರೆ ಎರಡೂ ಸೇರಿ ಒಂದೇ ಬಿಲ್ಡ್. ಅಷ್ಟರಲ್ಲಿ ಕ್ಯೂ ಬಿಟ್ಟು ಓಡ್ತಿದ್ರೆ ಎರಡನೇದು ಹೊಸ ಐಟಮ್, ಅಂದ್ರೆ ಎರಡು ಡಿಪ್ಲಾಯ್. ತಮಾಷೆ ಅಂದ್ರೆ ಸರ್ವರ್ ಬಿಜಿ ಇದ್ದಾಗ ನಿಮ್ಮ ಟೂಲ್ ಸರಿಯಾಗಿ ನಡ್ಕೊಳ್ಳತ್ತೆ, ಖಾಲಿ ಇದ್ದಾಗ ಎರಡೆರಡು ಓಡ್ಸತ್ತೆ. ಅದಕ್ಕೇ ನಿಮಗೆ ತಲೆಬುಡ ಸಿಗ್ಲಿಲ್ಲ.

ಟೈಮ್‌ಔಟ್ ಅಂದ್ರೆ ರಿಕ್ವೆಸ್ಟ್ ತಲುಪಿಲ್ಲ ಅಂತಲ್ಲ, ಉತ್ತರ ನಿಮಗೆ ತಲುಪಿಲ್ಲ ಅಂತ. ಹಾಗಾಗಿ ನಾನು ಮಾಡೋದು ಹೀಗೆ. ಜಾಬ್‌ಗೆ ರಿಕ್ವೆಸ್ಟ್‌ಐಡಿ ಅಂತ ಒಂದು ಸ್ಟ್ರಿಂಗ್ ಪ್ಯಾರಾಮೀಟರ್ ಸೇರ್ಸಿ. ಟೆಸ್ಟರ್ ಬಟನ್ ಒತ್ತಿದಾಗ ಒಂದು ಯುಯುಐಡಿ (ಇನ್ನೊಂದಕ್ಕೆ ಹೊಂದದ ಗುರುತು) ಹುಟ್ಟಿಸಿ ಡೇಟಾಬೇಸ್‌ನಲ್ಲಿ ಬರ್ದಿಟ್ಕೊಂಡು ಆಮೇಲೆ ಪೋಸ್ಟ್ ಮಾಡಿ. ಬಟನ್‌ಗೆ ಒಂದು ಐಡಿ, ಪ್ರತಿ ಎಚ್‌ಟಿಟಿಪಿ ಪ್ರಯತ್ನಕ್ಕೆ ಒಂದೊಂದಲ್ಲ, ಇದನ್ನ ಉಲ್ಟಾ ಮಾಡಿದ್ರೆ ಕ್ಯೂ ಸೇರಿಸಿಕೊಳ್ಳೋ ಸೌಲಭ್ಯವೂ ಹೋಗಿ ಈಗಿರೋದಕ್ಕಿಂತ ಕೆಟ್ಟದಾಗತ್ತೆ. ಟೈಮ್‌ಔಟ್ ಆದ್ರೆ ತಕ್ಷಣ ಮತ್ತೆ ಪೋಸ್ಟ್ ಮಾಡ್ಬೇಡಿ, ಮೊದ್ಲು ಕ್ಯೂನಲ್ಲಿ ಆ ಐಡಿ ಇದೆಯಾ, ಇತ್ತೀಚಿನ ಬಿಲ್ಡ್‌ಗಳ ಪ್ಯಾರಾಮೀಟರ್‌ನಲ್ಲಿ ಇದೆಯಾ ನೋಡಿ, ಎರಡರಲ್ಲೂ ಇಲ್ಲದಿದ್ರೆ ಮಾತ್ರ ಅದೇ ಐಡಿ ಜೊತೆ ಮತ್ತೆ ಕಳ್ಸಿ. ಮೊದಲನೇ ರಿಕ್ವೆಸ್ಟ್ ಪ್ರಾಕ್ಸಿಯಲ್ಲೇ ಸಿಕ್ಕಿಹಾಕ್ಕೊಂಡು ತಡವಾಗಿ ತಲುಪೋ ಸಾಧ್ಯತೆ ಆಗಲೂ ಸ್ವಲ್ಪ ಉಳಿಯತ್ತೆ. ಸ್ಟೇಜಿಂಗ್‌ಗೆ ಇಷ್ಟು ಸಾಕು ಅಂತ ನನ್ನ ಅನಿಸಿಕೆ, ಪ್ರೊಡಕ್ಷನ್‌ಗೆ ಇದೇ ಟೂಲ್ ಬಳಸೋದಾದ್ರೆ ಡಿಪ್ಲಾಯ್ ಸ್ಟೇಜ್ ಒಳಗೇ ಈ ಐಡಿ ಆಗಲೇ ಡಿಪ್ಲಾಯ್ ಆಗಿದೆಯಾ ಅಂತ ನೋಡೋ ಚೆಕ್ ಹಾಕಿ, ಜೊತೆಗೆ ಒಂದೇ ಸಲಕ್ಕೆ ಎರಡು ಓಡದ ಹಂಗೆ ಡಿಸೇಬಲ್‌ಕನ್ಕರೆಂಟ್‌ಬಿಲ್ಡ್ಸ್ ಕೂಡ.

ಪ್ಯಾರಾಮೀಟರ್ ಸೇರ್ಸುವಾಗ ಎರಡು ಕಡೆ ಎಡವ್ತಾರೆ. ಜಾಬ್‌ನಲ್ಲಿ ಡಿಕ್ಲೇರ್ ಮಾಡದ ಪ್ಯಾರಾಮೀಟರ್ ಕಳಿಸಿದ್ರೆ ಎರರ್ ಬರಲ್ಲ, ಸದ್ದಿಲ್ಲದೆ ಬಿಸಾಕತ್ತೆ. ಇನ್ನೊಂದು, ಜೆಂಕಿನ್ಸ್‌ಫೈಲ್ (ಪೈಪ್‌ಲೈನ್‌ನ ಹಂತಗಳನ್ನ ಬರ್ದಿಡೋ ಫೈಲ್) ಒಳಗೆ ಪ್ಯಾರಾಮೀಟರ್ ಬರೆದ್ರೆ ಆ ಪೈಪ್‌ಲೈನ್ ಒಂದ್ಸಲ ಓಡೋವರೆಗೂ ಜೆಂಕಿನ್ಸ್‌ಗೆ ಅದು ಗೊತ್ತೇ ಇರಲ್ಲ, ಹಾಗಾಗಿ ಫೈಲ್ ಬದಲಾಯಿಸಿದ ಮೇಲಿನ ಮೊದಲ ಓಟದಲ್ಲಿ ನಿಮ್ಮ ಐಡಿ ಕಾಣಲ್ಲ. ಒಂದ್ಸಲ ಕೈಯಾರೆ ಓಡ್ಸಿ ಆಮೇಲೆ ಟೂಲ್ ಟೆಸ್ಟ್ ಮಾಡಿ. ಮುಂದೆ ಯಾವಾಗ್ಲಾದ್ರೂ ಮಲ್ಟಿಬ್ರಾಂಚ್‌ಗೆ, ಅಂದ್ರೆ ಪ್ರತಿ ಬ್ರಾಂಚ್‌ಗೂ ಬೇರೆ ಜಾಬ್ ಇರೋ ರೀತಿಗೆ, ಹೋದ್ರೆ ಪ್ರತಿ ಹೊಸ ಬ್ರಾಂಚ್‌ಗೂ ಇದೇ ಗೋಳು, ಅದರ ಮೇಲೆ ಬ್ರಾಂಚ್ ಹೆಸರಲ್ಲಿ ಸ್ಲ್ಯಾಶ್ ಇದ್ರೆ ಯುಆರ್‌ಎಲ್‌ನಲ್ಲಿ ಎರಡು ಸಲ ಎನ್‌ಕೋಡ್ ಮಾಡಿ ಪರ್ಸೆಂಟ್ 252ಎಫ್ ಅಂತ ಬರೀಬೇಕು.

ನೀವು ಕೇಳದ ಒಂದು ವಿಷಯ ಹೇಳ್ಲೇಬೇಕು, ಟೆಸ್ಟರ್‌ಗಳು ಬ್ರಾಂಚ್ ಹೆಸರು ಟೈಪ್ ಮಾಡ್ತಾರೆ ಅಂದ್ರಲ್ಲ, ಅದನ್ನ ಓದಿ ನಂಗೆ ಮೊದ್ಲು ಭಯ ಆಗಿದ್ದು ಅಲ್ಲೇ. ಪೈಪ್‌ಲೈನ್‌ನಲ್ಲಿ ಶೆಲ್ ಸ್ಟೆಪ್‌ಗೆ ಡಬಲ್ ಕೋಟ್ ಹಾಕಿ ಅದರೊಳಗೆ ಬ್ರಾಂಚ್ ಪ್ಯಾರಾಮೀಟರನ್ನ ಡಾಲರ್ ಹಾಕಿ ತುರುಕಿದ್ರೆ ಗ್ರೂವಿ ಅದನ್ನ ಶೆಲ್‌ಗೆ ಕೊಡೋ ಮುಂಚೆಯೇ ಬದಲಾಯಿಸಿಬಿಡತ್ತೆ. ಯಾರೋ ಮೇನ್ ಅಂತ ಟೈಪ್ ಮಾಡಿ ಸೆಮಿಕೋಲನ್ ಹಾಕಿ ಮುಂದೆ ಇನ್ನೊಂದು ಕಮಾಂಡ್ ಬರೆದ್ರೆ ಅದೂ ನಿಮ್ಮ ಏಜೆಂಟ್‌ನಲ್ಲಿ, ನಿಮ್ಮ ಡಿಪ್ಲಾಯ್ ಕೀಗಳು ಇರೋ ಜಾಗದಲ್ಲೇ ಓಡತ್ತೆ. ಸಿಂಗಲ್ ಕೋಟ್ ಹಾಕಿ, ಪ್ಯಾರಾಮೀಟರ್ ಎನ್ವಿರಾನ್‌ಮೆಂಟ್ ವೇರಿಯಬಲ್ ಆಗಿ ಶೆಲ್‌ಗೇ ಹೋಗ್ಲಿ, ಶೆಲ್ ಒಳಗೆ ಅದನ್ನ ಕೋಟ್ ಮಾಡಿ. ಟೂಲ್ ಕಡೆಯಿಂದಲೂ ಗಿಟ್‌ನಿಂದ ಬ್ರಾಂಚ್ ಪಟ್ಟಿ ತಂದು ಡ್ರಾಪ್‌ಡೌನ್ ಕೊಟ್ಬಿಡಿ, ಟೈಪಿಂಗ್ ತಪ್ಪೂ ಉಳಿಯಲ್ಲ.

ಸಣ್ಣಪುಟ್ಟದ್ದು ಇನ್ನೆರಡು. ಜೆಂಕಿನ್ಸ್ ವಿಳಾಸ ಎಚ್‌ಟಿಟಿಪಿ ಅಂತ ಕೊಟ್ಟು ಪ್ರಾಕ್ಸಿ ಎಚ್‌ಟಿಟಿಪಿಎಸ್‌ಗೆ ರೀಡೈರೆಕ್ಟ್ ಮಾಡ್ತಿದ್ರೆ ಪೈಥಾನ್ ರಿಕ್ವೆಸ್ಟ್ಸ್ ನಿಮ್ಮ ಪೋಸ್ಟನ್ನ ಗೆಟ್ ಮಾಡಿ ಕಳಿಸತ್ತೆ, ಆಗ 405 ಬರಬಹುದು. ಪೈಥಾನ್-ಜೆಂಕಿನ್ಸ್ ಲೈಬ್ರರಿ ಬಳಸಿದ್ರೆ ಬಿಲ್ಡ್‌ಜಾಬ್ ಫಂಕ್ಷನ್ ಕ್ಯೂ ನಂಬರನ್ನೇ ವಾಪಸ್ ಕೊಡತ್ತೆ, ಒಳ್ಳೇದು, ಆದ್ರೆ ಪ್ಯಾರಾಮೀಟರ್ ಖಾಲಿ ಬಿಟ್ರೆ ಅದು ಬರೀ ಬಿಲ್ಡ್ ಅನ್ನೋ ವಿಳಾಸಕ್ಕೆ ಹೋಗತ್ತೆ, ಪ್ಯಾರಾಮೀಟರ್ ಇರೋ ಜಾಬ್ ಅದನ್ನ 400 ಅಂತ ತಳ್ಳತ್ತೆ.

ಪೋಲಿಂಗ್ (ಹೀಗೆ ಪದೇ ಪದೇ ಕೇಳೋದು) ಬೇಡ, ಬಿಲ್ಡ್ ಮುಗಿದಾಗ ಜೆಂಕಿನ್ಸೇ ನಮ್ಮ ಟೂಲ್‌ಗೆ ಹೇಳಲಿ ಅನ್ನೋ ಆಲೋಚನೆಯೂ ನಿಮಗೆ ಬರಬಹುದು. ಪೈಪ್‌ಲೈನ್‌ನ ಪೋಸ್ಟ್ ಬ್ಲಾಕ್‌ನಿಂದ (ಕೊನೇಲಿ ಓಡೋ ಭಾಗ) ಕರ್ಲ್ ಕಮಾಂಡ್‌ನಲ್ಲಿ ಒಂದು ರಿಕ್ವೆಸ್ಟ್ ಹೊಡೆದ್ರೆ ಆಯ್ತು, ಚೆನ್ನಾಗೇ ಇರತ್ತೆ, ಆದ್ರೆ ಏಜೆಂಟ್ ಸತ್ತರೆ ಆ ಕರ್ಲ್ ಬರೋದೇ ಇಲ್ಲ, ನಿಮ್ಮ ಟೂಲ್ ಶಾಶ್ವತವಾಗಿ "ಓಡ್ತಿದೆ" ಅಂತ ತೋರ್ಸ್ತಾ ಕೂರತ್ತೆ. ಕಾಲ್‌ಬ್ಯಾಕ್ ಇಟ್ಕೊಂಡ್ರೂ ನಿಧಾನವಾಗಿ ಪೋಲ್ ಮಾಡೋದನ್ನ ಬಿಡ್ಬೇಡಿ.

ಕೊನೇದು, ಗಿಟ್‌ಹಬ್ ಆಕ್ಷನ್ಸ್‌ಗೆ ಹೋಗೋದಾ. ಈ ಮೂರು ಕಾರಣಕ್ಕಾದ್ರೆ ಬೇಡ. ಆಕ್ಷನ್ಸ್‌ನಲ್ಲಿ ವರ್ಕ್‌ಫ್ಲೋ ಡಿಸ್ಪ್ಯಾಚ್ ಎಪಿಐ 2020ರಲ್ಲಿ ಬಂದಾಗ ಉತ್ತರವಾಗಿ ಬರೀ 204 ಕೊಡ್ತಿತ್ತು, ಬಾಡಿ ಖಾಲಿ, ರನ್ ಐಡಿ ಇಲ್ಲ, ಕ್ಯೂ ಐಟಮ್ ಥರದ್ದೂ ಇಲ್ಲ. ವರ್ಷಗಟ್ಟಲೆ ಜನ ತಮ್ಮದೇ ಐಡಿನ ಇನ್‌ಪುಟ್ ಆಗಿ ಕಳಿಸಿ, ರನ್-ನೇಮ್‌ನಲ್ಲಿ ಅಂಟಿಸಿ, ರನ್ ಪಟ್ಟಿಯಲ್ಲಿ ಹುಡುಕಿ ಹಿಡೀತಿದ್ರು, ಅಂದ್ರೆ ಮೇಲೆ ಹೇಳಿದ ರಿಕ್ವೆಸ್ಟ್‌ಐಡಿ ಕೆಲಸವನ್ನೇ ಅಲ್ಲೂ ಮಾಡ್ಬೇಕಿತ್ತು. ಗಿಟ್‌ಲ್ಯಾಬ್ ಈ ವಿಷಯದಲ್ಲಿ ಮೇಲು, ಟ್ರಿಗರ್ ಮಾಡಿದ ಕೂಡ್ಲೇ ಪೈಪ್‌ಲೈನ್ ಐಡಿ ಕೊಡತ್ತೆ, ಆದ್ರೆ ಟೈಮ್‌ಔಟ್ ಆಗಿ ಎರಡು ಸಲ ಕಳಿಸಿದ್ರೆ ಎರಡು ಪೈಪ್‌ಲೈನ್. ಗಿಟ್‌ಹಬ್‌ಗೆ ಹೋಗೋಕೆ ನಿಜವಾದ ಕಾರಣ ಬೇರೆ ಇದೆ. ಅಲ್ಲಿ ಫೈನ್-ಗ್ರೇನ್ಡ್ ಟೋಕನ್‌ನ ಒಂದೇ ರೆಪೊಗೆ, ಆಕ್ಷನ್ಸ್ ರೈಟ್ ಹಕ್ಕಿಗೆ ಮಾತ್ರ ಕಟ್ಟಿಹಾಕಬಹುದು, ಜೆಂಕಿನ್ಸ್‌ನಲ್ಲಿ ಅದಕ್ಕೆ ಬೇರೆ ಯೂಸರ್ ಮಾಡ್ಬೇಕು. ಸರ್ವರ್ ಪ್ಯಾಚ್ ಮಾಡೋ ಹೊಣೆಯೂ ನಿಮ್ಮದಲ್ಲ. 2024ರ ಜನವರಿಯಲ್ಲಿ ಜೆಂಕಿನ್ಸ್‌ನ ಸಿಎಲ್‌ಐನಲ್ಲಿ (ಕಮಾಂಡ್ ಲೈನ್) ಸರ್ವರ್ ಫೈಲ್‌ಗಳನ್ನ ಹೊರಗಿಂದ ಓದಬಹುದಾದ ಒಂದು ತೂತು ಸಿಕ್ತು, ಸಿವಿಇ-2024-23897, ಅದು 2.442 ಮತ್ತು 2.426.3 ಎಲ್‌ಟಿಎಸ್‌ನಲ್ಲಿ ಸರಿಯಾಯ್ತು. ನಿಮ್ಮ ಜೆಂಕಿನ್ಸ್ ವರ್ಷನ್ ಪೇಜ್‌ನ ಕೆಳಗೆ ಬಲಮೂಲೇಲಿ ಇರತ್ತೆ, ಈಗಲೇ ನೋಡಿ, ಇದಕ್ಕಿಂತ ಹಳೇದಾಗಿದ್ದು ಅಪ್‌ಗ್ರೇಡ್ ಮಾಡೋರು ನಿಮ್ಮ ಟೀಮ್‌ನಲ್ಲಿ ಯಾರೂ ಇಲ್ಲ ಅಂದ್ರೆ ಆಗ ಮೂವ್ ಆಗೋ ಮಾತು ಮ್ಯಾನೇಜರ್ ಹತ್ರ ಎತ್ತಿ.